ಆ ಸೀಟಿನಲ್ಲಿ ಮೊದಲು ಗೊಂಬೆ ಯಾಕೆ ಕೂರಬೇಕು?

ನಮ್ಮದೇ ನೌಕೆಯಲ್ಲಿ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಯೋಜನೆಯ ಸುದ್ದಿ ಬಂದಾಗಲೆಲ್ಲ ಜೊತೆಗೆ ಒಂದು ಫೋಟೊ ಬರುತ್ತದೆ. ಸೊಂಟದಿಂದ ಮೇಲೆ ಮಾತ್ರ ಇರುವ, ಕಾಲಿಲ್ಲದ, ಹೆಣ್ಣಿನ ಮುಖದ ಒಂದು ಯಂತ್ರ. ಹೆಸರು ವ್ಯೋಮಮಿತ್ರ. ಮನುಷ್ಯರನ್ನು ಕಳಿಸುವ ಮೊದಲು ಇಸ್ರೊ ಇದನ್ನು ಕಳಿಸುತ್ತದೆ ಎನ್ನುವುದು ಒಂದು ಸುದ್ದಿ. ಆ ಹಾರಾಟ ಮತ್ತೆ ಮುಂದಕ್ಕೆ ಹೋಯಿತು ಎನ್ನುವುದು ಇನ್ನೊಂದು. ಮನುಷ್ಯರಿಲ್ಲದ ಮೊದಲ ಹಾರಾಟ 2020ರ ಕೊನೆಗೆ ಎಂದಿದ್ದರು. ಮನುಷ್ಯರು ಹೋಗುವುದು 2022ಕ್ಕೆ ಎಂದಿದ್ದರು. ಆ ಗುರಿ ಜಾರಿ ಜಾರಿ 2027ಕ್ಕೆ ಬಂದಿತು.

ಈ ನಡುವೆ 2025ರ ಜೂನ್‌ನಲ್ಲಿ ಗಗನಯಾನಕ್ಕೆ ಆಯ್ಕೆಯಾದ ನಾಲ್ವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಅಲ್ಲಿ 18 ದಿನ ಇದ್ದು ಜುಲೈ 15ರಂದು ಕ್ಷೇಮವಾಗಿ ವಾಪಸ್ ಬಂದರು.

ಓದುವವರಿಗೆ ಗೊಂದಲ ಆಗುವುದು ಇಲ್ಲೇ. ನಮ್ಮವರೇ ಹೋಗಿ ಬಂದಾಯಿತಲ್ಲ, ಇನ್ನು ಗೊಂಬೆ ಯಾಕೆ? ಅದು ಚಾಟ್‌ಜಿಪಿಟಿ ತರಹ ಮಾತಾಡುತ್ತಾ? ಇನ್ನು ಮುಂದೆ ಮನುಷ್ಯರ ಬದಲು ಯಂತ್ರಗಳೇ ಹೋಗುತ್ತವಾ? ನಾಲ್ವರು ಗಗನಯಾತ್ರಿಗಳೂ ಗಂಡಸರು, ಯಂತ್ರ ಮಾತ್ರ ಹೆಣ್ಣು ಯಾಕೆ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ನಿಧಾನವಾಗಿ ಬಿಡಿಸಿ ನೋಡೋಣ.

ಹೋದವರು ನಮ್ಮವರು, ಗಾಡಿ ನಮ್ಮದಲ್ಲ

ಶುಕ್ಲಾ ಹೋಗಿದ್ದು ಅಮೆರಿಕದ ಫಾಲ್ಕನ್ 9 ರಾಕೆಟ್ಟಿನಲ್ಲಿ, ಡ್ರ್ಯಾಗನ್ ನೌಕೆಯಲ್ಲಿ. ಆ ಬಗೆಯ ನೌಕೆಗಳು ಅಷ್ಟರಲ್ಲಾಗಲೇ ಹಲವು ತಂಡಗಳನ್ನು ಕರೆದೊಯ್ದು ವಾಪಸ್ ತಂದಿದ್ದವು. 1984ರಲ್ಲಿ ರಾಕೇಶ್ ಶರ್ಮಾ ಹೋಗಿದ್ದು ಸೋವಿಯತ್ ಒಕ್ಕೂಟದ ಸೊಯೂಜ್‌ನಲ್ಲಿ. ಅಂದರೆ ಭಾರತೀಯ ದೇಹ ಬಾಹ್ಯಾಕಾಶವನ್ನು ತಾಳಿಕೊಳ್ಳುತ್ತದೆಯೇ ಎಂಬ ಪ್ರಶ್ನೆ ನಮ್ಮ ಮುಂದೆ ಯಾವತ್ತೂ ಇರಲಿಲ್ಲ. ಇರುವ ಪ್ರಶ್ನೆ ನಮ್ಮ ಗಾಡಿಯದ್ದು.

ಆ ಗಾಡಿಯ ಒಂದೊಂದು ಭಾಗವೂ ಹೊಸದು ಅಥವಾ ಬದಲಾಯಿಸಿದ್ದು. ಎಲ್‌ವಿಎಂ3 ರಾಕೆಟ್ ಹಳೆಯ ಗೆಳೆಯ, ನಿಜ. ಚಂದ್ರಯಾನ 2 ಮತ್ತು 3 ಎರಡನ್ನೂ ಹೊತ್ತೊಯ್ದದ್ದು ಅದೇ. ಆದರೆ ಉಪಗ್ರಹ ಉಸಿರಾಡುವುದಿಲ್ಲ, ಅದಕ್ಕೆ ಮನೆಗೆ ಮರಳುವ ಹಂಗೂ ಇಲ್ಲ. ಮನುಷ್ಯರು ಕೂರುವ ನೌಕೆಗೆ ಆಮ್ಲಜನಕ ಕೊಡುವ, ಇಂಗಾಲದ ಡೈಆಕ್ಸೈಡ್ ತೆಗೆಯುವ, ತೇವ ಮತ್ತು ಬಿಸಿಯನ್ನು ಹದವಾಗಿ ಇಡುವ ವ್ಯವಸ್ಥೆ ಬೇಕು. ಈ ಜೀವಾಧಾರ ವ್ಯವಸ್ಥೆಯನ್ನು ಬೇರೆ ದೇಶಗಳಿಂದ ಪಡೆಯಲು ಇಸ್ರೊ ನೋಡಿತು. ಯಾರೂ ಕೊಡಲಿಲ್ಲ. ಇಲ್ಲೇ ಮಾಡಿಕೊಳ್ಳಬೇಕಾಯಿತು. ಯೋಜನೆ ತಡವಾಗಿದ್ದಕ್ಕೆ ಇದೂ ಒಂದು ಕಾರಣ.

ಈ ಕೆಲಸದ ದೊಡ್ಡ ಪಾಲು ನಮ್ಮ ಸುತ್ತಲೇ ನಡೆಯುತ್ತಿದೆ. ಮಾನವಸಹಿತ ಯಾನದ ಹೊಣೆ ಹೊತ್ತ ಇಸ್ರೊ ಕೇಂದ್ರ 2019ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಗಗನಯಾತ್ರಿಗಳ ತರಬೇತಿ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಅವರು ತಿನ್ನುವ ಊಟ ತಯಾರಾಗುವುದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ.

ಹಾರಿಸಿ ನೋಡದೆ ಗೊತ್ತಾಗದ ವಿಷಯಗಳು ಎಷ್ಟಿರುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ, ಅಪಾಯ ಬಂದರೆ ಸಿಬ್ಬಂದಿ ನೌಕೆಯನ್ನು ರಾಕೆಟ್ಟಿನಿಂದ ಕಿತ್ತು ದೂರ ಒಯ್ಯುವ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಪರೀಕ್ಷೆ ಗೆದ್ದಿತು. ಪ್ಯಾರಾಚೂಟ್ ಬಿಚ್ಚಿಕೊಂಡವು, ನೌಕೆ ಕಡಲಿಗೆ ಮೆಲ್ಲಗೆ ಇಳಿಯಿತು. ಆದರೆ ನೀರಿನಲ್ಲಿ ಅದು ತಲೆಕೆಳಗಾಗಿ ತೇಲುತ್ತಿತ್ತು. ನೌಕೆಯನ್ನು ನೆಟ್ಟಗೆ ಮಾಡುವ ಉಪಕರಣವನ್ನು ಆ ಮಾದರಿಯಲ್ಲಿ ಇಟ್ಟಿರಲಿಲ್ಲ, ಹಾಗಾಗಿ ಇದನ್ನು ಸೋಲು ಅನ್ನಲಾಗದು. ಒಳಗೆ ಮೂವರು ಬೆಲ್ಟ್ ಕಟ್ಟಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದರೆ ಅಂತ ಒಮ್ಮೆ ಯೋಚಿಸಿ. ಮನುಷ್ಯರಿಲ್ಲದೆ ಹಾರಿಸುವುದು ಯಾಕೆ ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಸಿಂಹಾಸನದ ಗೊಂಬೆಗಳ ಕೆಲಸ

ನಮ್ಮಲ್ಲಿ ಅಜ್ಜಿಯರು ಹೇಳುವ ಹಳೆಯ ಕಥೆಯೊಂದಿದೆ. ವಿಕ್ರಮನ ಸಿಂಹಾಸನ ಭೋಜರಾಜನಿಗೆ ಸಿಗುತ್ತದೆ. ಅವನು ಏರಲು ಹೋದಾಗ ಮೆಟ್ಟಿಲ ಮೇಲಿನ ಗೊಂಬೆ ಬಾಯಿ ಬಿಟ್ಟು ತಡೆಯುತ್ತದೆ. ಈ ಸೀಟಿನಲ್ಲಿ ಕೂರುವ ಯೋಗ್ಯತೆ ನಿನಗಿದೆಯೇ ಎಂದು ಕೇಳುತ್ತದೆ. ಹೀಗೆ ಮೂವತ್ತೆರಡು ಗೊಂಬೆಗಳು.

ಬಾಹ್ಯಾಕಾಶದ ಗೊಂಬೆ ಮಾಡುವುದೂ ಹೆಚ್ಚುಕಮ್ಮಿ ಅದೇ ಕೆಲಸ. ಆದರೆ ಅದು ಪ್ರಶ್ನೆ ಕೇಳುವುದು ಸೀಟಿಗೆ, ಕೂರುವವರಿಗಲ್ಲ. ನಮ್ಮ ಮನುಷ್ಯರನ್ನು ಕೂರಿಸಿಕೊಳ್ಳುವ ಯೋಗ್ಯತೆ ನಿನಗಿದೆಯೇ?

ಈ ಪದ್ಧತಿ ಇಸ್ರೊ ಶುರು ಮಾಡಿದ್ದಲ್ಲ. ಯೂರಿ ಗಗಾರಿನ್ 1961ರ ಏಪ್ರಿಲ್ 12ರಂದು ಹಾರುವ ಮೊದಲು, ಅದೇ ವರ್ಷದ ಮಾರ್ಚ್‌ನಲ್ಲಿ ಎರಡು ಸಲ ಒಂದು ಗೊಂಬೆ ಹೋಗಿ ಬಂದಿತ್ತು. ಇವಾನ್ ಇವಾನೊವಿಚ್ ಅಂತ ಅದರ ಹೆಸರು. ಅಪ್ಪಟ ಮನುಷ್ಯನಂತೆಯೇ ಇತ್ತು. ಎಷ್ಟರ ಮಟ್ಟಿಗೆ ಅಂದರೆ, ಇಳಿದ ಜಾಗದ ಜನ ಹೆಣ ಅಂದುಕೊಂಡು ಹೆದರಬಾರದೆಂದು ಮುಖದ ಮೇಲೆ 'ಮಾದರಿ' ಎಂದು ಬರೆದು ಕಳಿಸಿದ್ದರು. ರೇಡಿಯೊ ಪರೀಕ್ಷೆಗೆ ಧ್ವನಿ ಬೇಕಿತ್ತು. ಒಬ್ಬನೇ ಮಾತಾಡಿದರೆ ಯಾರನ್ನೋ ಗುಟ್ಟಾಗಿ ಕಳಿಸಿದ್ದಾರೆ ಎಂದು ಹೊರಗಿನವರು ತಿಳಿದಾರು. ಅದಕ್ಕೇ ಗುಂಪು ಹಾಡಿನ ಟೇಪನ್ನೂ ಸೂಪು ಮಾಡುವ ವಿಧಾನವನ್ನೂ ಕೇಳಿಸಿದರು.

ಗೊಂಬೆಗಳ ಜೊತೆಗೆ ಇನ್ನೊಂದು ದಾರಿಯೂ ಇತ್ತು. ಅದು ಪ್ರಾಣಿಗಳದ್ದು. 1957ರಲ್ಲಿ ಲೈಕಾ ಎಂಬ ನಾಯಿಯನ್ನು ಕಳಿಸಿದಾಗ ವಾಪಸ್ ತರುವ ಏರ್ಪಾಡೇ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಸೆಕೆ ತಾಳಲಾರದೆ ಸತ್ತಿತು ಎಂಬುದು ಹೊರಬರಲು ನಲವತ್ತೈದು ವರ್ಷ ಹಿಡಿಯಿತು. 1961ರಲ್ಲಿ ಹ್ಯಾಮ್ ಎಂಬ ಚಿಂಪಾಂಜಿ ದೀಪ ಹೊತ್ತಿದಾಗ ಸನ್ನೆಕೋಲು ಎಳೆಯುತ್ತ ಹಾರಿ, ಬದುಕಿ ಬಂದಿತು. ಭಾರತ ನಾಯಿಯನ್ನೋ ಚಿಂಪಾಂಜಿಯನ್ನೋ ಕಳಿಸುತ್ತಿಲ್ಲ. ಹ್ಯಾಮ್ ಸನ್ನೆಕೋಲು ಎಳೆದ ಕೆಲಸವನ್ನು ಈಗ ಯಂತ್ರದ ಕೈ ಮಾಡುತ್ತದೆ. ಒಂದು ಮೂಕ ಜೀವವನ್ನು ಆ ಭಯಕ್ಕೆ ನೂಕಬೇಕಿಲ್ಲ ಎನ್ನುವುದೇ ವ್ಯೋಮಮಿತ್ರದ ಪರವಾದ ಗಟ್ಟಿ ವಾದಗಳಲ್ಲಿ ಒಂದು. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಏನು ಮಾಡುತ್ತದೆ, ಏನು ಮಾಡಲಾರದು

ವ್ಯೋಮಮಿತ್ರ ಮೊದಲು ಜನರ ಮುಂದೆ ಬಂದಿದ್ದು 2020ರ ಜನವರಿ 22ರಂದು, ಬೆಂಗಳೂರಿನ ಒಂದು ವಿಚಾರ ಸಂಕಿರಣದಲ್ಲಿ. ಮಾಡಿದ್ದು ತಿರುವನಂತಪುರದ ಇಸ್ರೊ ಇನರ್ಷಿಯಲ್ ಸಿಸ್ಟಮ್ಸ್ ಯುನಿಟ್. ಅವತ್ತು ಅದು ತನ್ನ ಪರಿಚಯವನ್ನು ತಾನೇ ಹೇಳಿಕೊಂಡಿತು. ಹಿಂದಿ ಮತ್ತು ಇಂಗ್ಲಿಷ್ ಮಾತಾಡುತ್ತದೆ ಎಂದರು. ಅಷ್ಟು ಕೇಳಿದ್ದೇ, ಇದು ಯೋಚಿಸುವ ಜೀವಿ ಎಂಬ ಭಾವನೆ ಹಬ್ಬಿತು.

ಅದರ ನಿಜವಾದ ಕೆಲಸ ಬೇರೆ. ನೌಕೆಯೊಳಗಿನ ಒತ್ತಡ, ಗಾಳಿ, ಬಿಸಿ ಇವನ್ನು ಗಮನಿಸುವುದು. ಏನಾದರೂ ಹದ ತಪ್ಪಿದರೆ ಎಚ್ಚರಿಸುವುದು. ಗಗನಯಾತ್ರಿ ಒತ್ತಬೇಕಾದ ಸ್ವಿಚ್ಚುಗಳನ್ನು ಒತ್ತುವುದು. ಏರುವಾಗಿನ ಅದುರಾಟ, ಇಳಿಯುವಾಗಿನ ಕುಲುಕಾಟ ತಾಳಿಕೊಂಡು ಅದರ ಲೆಕ್ಕ ತರುವುದು. ಅದರ ತಲೆಬುರುಡೆಯನ್ನು ಅಲ್ಯುಮಿನಿಯಂ ಮಿಶ್ರಲೋಹದಲ್ಲಿ 3ಡಿ ಮುದ್ರಣದಿಂದ ಮಾಡಿದ್ದಾರೆ. ತೂಕ ಬರೀ 800 ಗ್ರಾಂ. ಕಾಲು ಇಲ್ಲದ್ದಕ್ಕೆ ಕಾರಣ ಸರಳ. ಸೀಟಿಗೆ ಕಟ್ಟಿಕೊಂಡು ಕೂರುವ ಯಂತ್ರ ನಡೆಯಬೇಕಿಲ್ಲ. ಬೇಡದ ತೂಕವನ್ನು ಯಾವ ರಾಕೆಟ್ಟೂ ಹೊರುವುದಿಲ್ಲ.

ಇದರ ಮಿತಿಯನ್ನೂ ನೇರವಾಗಿ ಹೇಳಬೇಕು. ಗೊಂಬೆ ಉಸಿರು ಬಿಡುವುದಿಲ್ಲ, ಬೆವರುವುದಿಲ್ಲ. ಮೂವರು ಮನುಷ್ಯರು ಮುಚ್ಚಿದ ಡಬ್ಬಿಯಲ್ಲಿ ಕೂತರೆ ಗಾಳಿ ಹೇಗೆ ಕೆಡುತ್ತದೆ ಎಂಬುದನ್ನು ಅದರ ಇರವೊಂದೇ ತೋರಿಸಲಾರದು. ಆ ಹೊರೆಯನ್ನು ಬೇರೆ ದಾರಿಯಲ್ಲಿ ಪರೀಕ್ಷಿಸಲೇಬೇಕು. ವ್ಯೋಮಮಿತ್ರ ಹೋಗಿ ಬಂತು, ಇನ್ನೇನು ಎಲ್ಲ ಸರಿ ಎಂದು ನಾವು ಅಂದುಕೊಂಡರೆ ತಪ್ಪು ನಮ್ಮದಾಗುತ್ತದೆ.

ಖಾಲಿ ಹಾರಾಟ ಉಳಿಸಿದ ಜೀವಗಳು

ಇಷ್ಟು ವರ್ಷ ತಡವಾಯಿತು, ಇನ್ನೂ ಎಷ್ಟು ಪರೀಕ್ಷೆ ಎಂಬ ಬೇಸರ ಸಹಜ. ದುಡ್ಡಿನ ಪ್ರಶ್ನೆಯೂ ಇದೆ. 2018ರಲ್ಲಿ ಸುಮಾರು 9,000 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕ ಕಾರ್ಯಕ್ರಮ 2024ರಲ್ಲಿ 20,193 ಕೋಟಿಗೆ ಏರಿತು. ಅದರಲ್ಲಿ ಹೊಸದಾಗಿ ಸೇರಿಸಿದ ಹಾರಾಟಗಳ, ಭಾರತದ ಸ್ವಂತ ನಿಲ್ದಾಣದ ಮೊದಲ ಭಾಗದ ಖರ್ಚೂ ಸೇರಿದೆ. ಆದರೂ ಕೇಳುವವರ ಪ್ರಶ್ನೆ ನ್ಯಾಯವೇ.

ಅಮೆರಿಕದ ಎರಡು ನೌಕೆಗಳ ಕಥೆಯಲ್ಲಿ ಇದಕ್ಕೆ ಉತ್ತರವಿದೆ. 2019ರ ಡಿಸೆಂಬರ್ 20ರಂದು ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ಮನುಷ್ಯರಿಲ್ಲದೆ ಹಾರಿತು. ಒಳಗೆ ರೋಸಿ ಎಂಬ ಗೊಂಬೆ. ನೌಕೆಯ ಗಡಿಯಾರ ಸುಮಾರು 11 ಗಂಟೆ ತಪ್ಪು ಸಮಯ ಹಿಡಿದಿತ್ತು. ಅದರಿಂದ ನೌಕೆ ತಾನು ಬೇರೆ ಹಂತದಲ್ಲಿದ್ದೇನೆ ಎಂದುಕೊಂಡಿತು. ಬೇಡದ ಹೊತ್ತಿನಲ್ಲಿ ಪುಟ್ಟ ಎಂಜಿನ್‌ಗಳನ್ನು ಉರಿಸಿತು. ಇಂಧನ ಖಾಲಿಯಾಗುತ್ತ ಬಂತು. ನಿಲ್ದಾಣ ಮುಟ್ಟದೆಯೇ ಎರಡು ದಿನಕ್ಕೆ ವಾಪಸ್ ಬಂತು. ಅದು ಮೇಲಿರುವಾಗಲೇ ಎಂಜಿನಿಯರುಗಳು ಸಾಫ್ಟ್‌ವೇರಿನಲ್ಲಿ ಇನ್ನೊಂದು ತಪ್ಪು ಹಿಡಿದರು. ಇಳಿಯುವ ಮುನ್ನ ಬೇರ್ಪಡುವ ಭಾಗ ತಿರುಗಿ ಬಂದು ನೌಕೆಗೇ ಬಡಿಯಬಹುದಾದ ತಪ್ಪು ಅದು. ಇಳಿಯುವ ಕೆಲವೇ ಗಂಟೆ ಮೊದಲು ಸರಿಪಡಿಸಿದರು.

ಡ್ರ್ಯಾಗನ್‌ನದ್ದು ಇನ್ನೂ ಕಣ್ಣು ತೆರೆಸುವ ಕಥೆ. 2019ರ ಮಾರ್ಚ್‌ನಲ್ಲಿ ರಿಪ್ಲಿ ಎಂಬ ಗೊಂಬೆಯನ್ನು ಹೊತ್ತು ನಿಲ್ದಾಣಕ್ಕೆ ಹೋಗಿ, ಒಂದು ಕೊರತೆಯೂ ಇಲ್ಲದಂತೆ ವಾಪಸ್ ಬಂತು. ಮುಂದಿನ ತಿಂಗಳು ಅದೇ ನೌಕೆಯ ತುರ್ತು ಎಂಜಿನ್‌ಗಳನ್ನು ನೆಲದ ಮೇಲೆ ಪರೀಕ್ಷಿಸುವಾಗ ಸ್ಫೋಟವಾಯಿತು. ಕವಾಟವೊಂದರ ಸೋರಿಕೆ ಕಾರಣ ಎಂದು ಗೊತ್ತಾಗಿ ವಿನ್ಯಾಸ ಬದಲಾಯಿತು. ಮನುಷ್ಯರು ಹತ್ತಿದ್ದು 2020ರ ಮೇ ತಿಂಗಳಲ್ಲಿ. ಶುಕ್ಲಾ ಕೂತು ಬಂದದ್ದು ಆ ತಿದ್ದುಪಡಿಯಾದ ಗಾಡಿಯಲ್ಲೇ.

ಮುಖ ಬೇಕಿತ್ತಾ?

ಇಲ್ಲಿ ಮೂರು ವಾದಗಳಿವೆ.

ಮೊದಲನೆಯವರು ಹೇಳುತ್ತಾರೆ, ಅಳೆಯುವ ಕೆಲಸಕ್ಕೆ ಸಂವೇದಕಗಳು ಸಾಕು, ಕಣ್ಣು ಮೂಗು ತುಟಿ ಬರೀ ಪ್ರದರ್ಶನ. ಈ ಮಾತಿನಲ್ಲಿ ಹುರುಳಿದೆ. 2022ರ ನವೆಂಬರ್‌ನಲ್ಲಿ ನಾಸಾದ ಆರ್ಟೆಮಿಸ್ 1 ಚಂದ್ರನ ಸುತ್ತ ಹೋದಾಗ ಹೆಲ್ಗಾ ಮತ್ತು ಜೊಹಾರ್ ಎಂಬ ಎರಡು ಹೆಣ್ಣು ದೇಹದ ಗೊಂಬೆಗಳಿದ್ದವು. ಮಾತಿಲ್ಲ, ಕೈಕಾಲಿಲ್ಲ. ಒಂದಕ್ಕೆ ವಿಕಿರಣ ತಡೆಯುವ ಜಾಕೆಟ್ ಹಾಕಿದ್ದರು, ಇನ್ನೊಂದಕ್ಕೆ ಇಲ್ಲ. ವಿಕಿರಣ ಹೆಣ್ಣಿನ ದೇಹದ ಯಾವ ಭಾಗಕ್ಕೆ ಎಷ್ಟು ತಗಲುತ್ತದೆ ಎಂಬುದು ಅವುಗಳಿಂದ ತಿಳಿಯಿತು. ವಿಜ್ಞಾನಕ್ಕೆ ಅಷ್ಟೇ ಬೇಕಿತ್ತು.

ಎರಡನೆಯವರ ಮಾತು ಕೈಗಳ ಬಗ್ಗೆ. ನೌಕೆಯ ಸೀಟು, ಸ್ವಿಚ್ಚು, ಪರದೆ ಎಲ್ಲವೂ ಮನುಷ್ಯರ ಅಳತೆಗೆ ಇವೆ. ಅದೇ ಜಾಗದಲ್ಲಿ ಕೂತು ಅದೇ ಸ್ವಿಚ್ಚು ಮುಟ್ಟುವ ಯಂತ್ರವಿದ್ದರೆ ಯಾವುದನ್ನೂ ಬದಲಾಯಿಸಬೇಕಿಲ್ಲ. ಪರೀಕ್ಷೆ ನಿಜಕ್ಕೆ ಹತ್ತಿರವಾಗುತ್ತದೆ. ರಷ್ಯಾ 2019ರ ಆಗಸ್ಟ್‌ನಲ್ಲಿ ಸ್ಕೈಬಾಟ್ ಎಂಬ ಮಾನವರೂಪಿ ಯಂತ್ರವನ್ನು ಸೊಯೂಜ್‌ನ ಸೀಟಿನಲ್ಲೇ ಕೂರಿಸಿ ಕಳಿಸಿತು. ಆ ಹಾರಾಟದ ಮುಖ್ಯ ಗುರಿಯೂ ಗಗನಯಾತ್ರಿಗಳ ನೌಕೆಯನ್ನು ಹೊಸ ಮಾದರಿಯ ರಾಕೆಟ್ಟಿಗೆ ಹೊಂದಿಸಿ ನೋಡುವುದೇ ಆಗಿತ್ತು.

ಮೂರನೆಯವರದ್ದು ಬುಡಕ್ಕೇ ಕೈ ಹಾಕುವ ವಾದ. ಯಂತ್ರಗಳು ಇಷ್ಟೆಲ್ಲ ಮಾಡುವುದಾದರೆ ಮನುಷ್ಯರು ಹೋಗುವುದೇ ಯಾಕೆ? 2023ರಲ್ಲಿ ಪ್ರಜ್ಞಾನ್ ರೋವರ್ ಚಂದ್ರನ ಮೇಲೆ ಓಡಾಡಿತು, ಅದರೊಳಗೆ ಯಾರೂ ಇರಲಿಲ್ಲ ಅಲ್ವಾ? ಈ ಲೇಖನದ ನಿಲುವು ಹೀಗಿದೆ. ಅಗ್ಗದಲ್ಲಿ ಹೆಚ್ಚು ಅಳತೆ ಬೇಕಾದ ಕಡೆ ಯಂತ್ರವೇ ಸರಿ. ಆದರೆ ಮುಂದೆ ಏನು ಬಂದೀತೆಂದು ಮೊದಲೇ ಬರೆದಿಡಲಾಗದ ಕಡೆ ಮನುಷ್ಯರ ಕಣ್ಣು ಕೈ ಬೇಕು. ಅದಕ್ಕಿಂತ ಹೆಚ್ಚಾಗಿ, ಹೋಗಿ ಬಂದು ಕಂಡದ್ದನ್ನು ಹೇಳುವುದು ಮನುಷ್ಯರಿಗೆ ಮಾತ್ರ ಸಾಧ್ಯ. ಸ್ಕೈಬಾಟ್ ಹಾರಿದ್ದರಿಂದ ಯಾವ ಮಗುವೂ ರಾತ್ರಿ ಆಕಾಶ ನೋಡುತ್ತ ನಿಂತಿರಲಿಕ್ಕಿಲ್ಲ. ಶುಕ್ಲಾ ಹೋದಾಗ ಎಷ್ಟೋ ಮಕ್ಕಳು ನಿಂತರು. ಮುಖದ ವಿಷಯದಲ್ಲಿ ಮಾತ್ರ ಮೊದಲನೆಯವರ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ಕೈ ಕೆಲಸಕ್ಕೆ ಬೇಕು. ಮುಖ ಇರುವುದು ನಮಗಾಗಿ.

ಅದು ಅನ್ನಬೇಕೋ, ಅವಳು ಅನ್ನಬೇಕೋ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಇಕ್ಕಟ್ಟಿದೆ. ನಮ್ಮ ಮಾತಿನಲ್ಲಿ ಮನುಷ್ಯರಾದರೆ ಅವನು, ಅವಳು. ಉಳಿದದ್ದೆಲ್ಲ ಅದು. ಕ್ರಿಯಾಪದವೂ ಬದಲಾಗುತ್ತದೆ. 'ವ್ಯೋಮಮಿತ್ರ ಹಾರಲಿದ್ದಾಳೆ' ಅಂತ ಬರೆದ ಕ್ಷಣ ನಾವು ಒಂದು ತೀರ್ಮಾನ ಕೊಟ್ಟಿರುತ್ತೇವೆ. 'ಹಾರಲಿದೆ' ಅಂದರೂ ಅಷ್ಟೇ. ಭಾಷೆ ನಡುವೆ ನಿಲ್ಲಲು ಬಿಡುವುದಿಲ್ಲ. ಇಲ್ಲಿ 'ಅದು' ಎಂದೇ ಬರೆದಿರುವುದು ಬೇಕೆಂದೇ.

ಕಾರಣ ಇಷ್ಟು. 2024ರ ಫೆಬ್ರುವರಿಯಲ್ಲಿ ಹೆಸರು ಪ್ರಕಟವಾದ ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು. ಆಯ್ಕೆಯನ್ನು ಆ ವರ್ಗಕ್ಕೆ ಸೀಮಿತ ಮಾಡಿದ್ದರಿಂದ ಹೆಣ್ಣುಮಕ್ಕಳು ಪಟ್ಟಿಯಲ್ಲಿ ಬರಲಿಲ್ಲ. ಹೆಣ್ಣಿನ ರೂಪದ ಯಂತ್ರ ಹೆಣ್ಣುಮಕ್ಕಳಿಗೆ ಗೌರವ ಎಂದು ಕೆಲವರು ಹೇಳುತ್ತಾರೆ. ಸಹಾಯಕ ಯಂತ್ರ ಅಂದ ಕೂಡಲೇ ಹೆಣ್ಣಿನ ದನಿ ಕೊಡುವ ಹಳೆಯ ಚಾಳಿ ಇದು ಎಂದು ಇನ್ನು ಕೆಲವರು. ಎರಡನೆಯ ಮಾತು ಹೆಚ್ಚು ಸರಿ ಅನ್ನಿಸುತ್ತದೆ. ಮುಂದಿನ ಯಾನಗಳಲ್ಲಿ ಮಹಿಳೆಯರನ್ನು ಕಳಿಸುವ ಇಚ್ಛೆಯನ್ನು ಇಸ್ರೊ ಮುಖ್ಯಸ್ಥರಾಗಿದ್ದ ಎಸ್. ಸೋಮನಾಥ್ ಹೇಳಿದ್ದರು. ಆ ಆಯ್ಕೆ ಆದ ದಿನ 'ಹಾರಲಿದ್ದಾಳೆ' ಎಂಬ ಪದಕ್ಕೆ ಪೂರ್ತಿ ಅರ್ಥ ಬರುತ್ತದೆ. ಅಲ್ಲಿಯವರೆಗೆ ಆ ಪದವನ್ನು ಅವಳಿಗಾಗಿ ಉಳಿಸಿಡೋಣ.

ಜೊತೆಗಾರ ಆಗಲು ಹೊರಟ ಚೆಂಡು

ಹೆಸರಿನಲ್ಲಿ 'ಮಿತ್ರ' ಇದೆ. ಕಥೆ, ಸಿನಿಮಾಗಳಲ್ಲಿ ಯಂತ್ರ ಅಂದರೆ ಹೆಚ್ಚಾಗಿ ತಿರುಗಿ ಬೀಳುವ ಯಂತ್ರ. ಆದರೆ ಇನ್ನೊಂದು ಬಗೆಯ ಕಥೆಗಳೂ ಇವೆ. ಅವುಗಳಲ್ಲಿ ಯಂತ್ರವೂ ನೌಕೆಯ ತಂಡದಲ್ಲಿ ಒಂದು ಪಾತ್ರ. ತಪ್ಪು ಮಾಡುತ್ತದೆ, ಕಲಿಯುತ್ತದೆ, ಜೊತೆಯವರ ನೋವನ್ನು ಗಮನಿಸುತ್ತದೆ. ಓದುಗರು ಅದನ್ನು ಹಚ್ಚಿಕೊಳ್ಳುತ್ತಾರೆ. ನಿಜದಲ್ಲಿ ಆ ಕಡೆಗೆ ಎಷ್ಟು ದೂರ ಬಂದಿದ್ದೇವೆ?

ಮೊದಲ ಹೆಜ್ಜೆ ಇಟ್ಟದ್ದು ಜಪಾನ್. 2013ರ ಆಗಸ್ಟ್‌ನಲ್ಲಿ ಕಿರೋಬೊ ಎಂಬ 34 ಸೆಂಟಿಮೀಟರ್ ಎತ್ತರದ, ಒಂದು ಕೆಜಿ ತೂಕದ ಪುಟ್ಟ ಯಂತ್ರವನ್ನು ನಿಲ್ದಾಣಕ್ಕೆ ಕಳಿಸಿದರು. ಸ್ವಿಚ್ಚು ಒತ್ತುವ ಕೆಲಸ ಅದಕ್ಕಿರಲಿಲ್ಲ. ಗಗನಯಾತ್ರಿ ಕೊಯಿಚಿ ವಕಾಟಾ ಜೊತೆ ಜಪಾನಿ ಭಾಷೆಯಲ್ಲಿ ಹರಟುವುದೇ ಕೆಲಸ. ಒಂಟಿಯಾಗಿ ಇರುವವರಿಗೆ ಮಾತಾಡುವ ಯಂತ್ರ ಆಸರೆಯಾಗುತ್ತದೆಯೇ ಎಂದು ನೋಡುವುದು ಉದ್ದೇಶ.

ಆಮೇಲೆ ಬಂದದ್ದು ಸೈಮನ್. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ, ಏರ್‌ಬಸ್ ಮತ್ತು ಐಬಿಎಂ ಸೇರಿ ಮಾಡಿದ, ಐದು ಕೆಜಿ ತೂಕದ ತೇಲುವ ಚೆಂಡು. ಪರದೆಯ ಮೇಲೆ ಒಂದು ಸರಳ ಮುಖ. 2018ರ ನವೆಂಬರ್‌ನಲ್ಲಿ ಗಗನಯಾತ್ರಿ ಅಲೆಕ್ಸಾಂಡರ್ ಗೆರ್ಸ್ಟ್ ಅದನ್ನು ಮೊದಲ ಸಲ ಬಳಸಿದರು. ಪ್ರಯೋಗದ ನಡುವೆ ತಮ್ಮ ಮೆಚ್ಚಿನ ಹಾಡು ಹಾಕಲು ಹೇಳಿದರು. ಹಾಕಿತು. ಸಾಕು, ನಿಲ್ಲಿಸು ಅಂದರು. ಅದು ಹಾಡಿನ ಗುಂಗಿನಿಂದ ಹೊರಗೆ ಬರಲೇ ಇಲ್ಲ. ಅವರು ಮತ್ತೆ ಮತ್ತೆ ಹೇಳಿದಾಗ, ದಯವಿಟ್ಟು ನನ್ನ ಜೊತೆ ಚೆನ್ನಾಗಿ ನಡೆದುಕೊಳ್ಳಿ ಎಂಬ ಅರ್ಥದ ಮಾತಾಡಿತು. ನನ್ನ ಜೊತೆ ಇರುವುದು ಇಷ್ಟವಿಲ್ಲವೇ ಎಂದೂ ಕೇಳಿತು. ವಿಡಿಯೊ ನೋಡಿದ ಕೆಲವರು ನಕ್ಕರು, ಕೆಲವರು ಬೆಚ್ಚಿದರು.

ಯಂತ್ರಕ್ಕೆ ನಿಜವಾಗಿ ಬೇಜಾರಾಗಿತ್ತಾ? ಇಲ್ಲ. ಮಾತಿನ ದನಿಗೆ ತಕ್ಕ ಉತ್ತರ ಹುಡುಕುವ ಪ್ರೋಗ್ರಾಂ, ಗದರಿಕೆಯನ್ನು ಕೇಳಿ ನೊಂದವರ ಮಾತನ್ನು ಆರಿಸಿತು. ತೊಂದರೆ ಇರುವುದು ಅಲ್ಲೇ. ಕೆಲಸದ ಒತ್ತಡದಲ್ಲಿರುವ ಮನುಷ್ಯನಿಗೆ ಯಂತ್ರವನ್ನು ಸಮಾಧಾನ ಮಾಡುವ ಹೊಣೆಯೂ ಬಂದರೆ ಅದು ಆಸರೆ ಆಗುವುದಿಲ್ಲ, ಇನ್ನೊಂದು ಹೊರೆ ಆಗುತ್ತದೆ. ಮುಂದಿನ ವರ್ಷ ಹೋದ ಎರಡನೇ ಸೈಮನ್‌ಗೆ ಮಾತಿನ ಹಿಂದಿನ ಭಾವನೆ ಗುರುತಿಸುವ ಶಕ್ತಿ ಸೇರಿಸಿದರು. ಒಳ್ಳೆಯ ಜೊತೆಗಾರ ತನ್ನ ಮನಸ್ಸನ್ನು ತೋರಿಸುವುದಕ್ಕಿಂತ ನಿಮ್ಮದನ್ನು ಗಮನಿಸಬೇಕು ಎಂಬ ಪಾಠ ಅವರಿಗೆ ಸಿಕ್ಕಿತ್ತು ಅನ್ನಿಸುತ್ತದೆ.

ದೂರ ಹೆಚ್ಚಿದ ಹಾಗೆ

ಸೈಮನ್ ಬಗ್ಗೆ ಹೆಚ್ಚು ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಅದರ ಮಿದುಳು ಅದರೊಳಗೆ ಇರಲಿಲ್ಲ. ಗೆರ್ಸ್ಟ್ ಆಡಿದ ಮಾತು ನಿಲ್ದಾಣದಿಂದ ಭೂಮಿಗೆ ಬಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನ ಕಂಪ್ಯೂಟರುಗಳಲ್ಲಿ ಅರ್ಥವಾಗಿ, ಉತ್ತರ ಮತ್ತೆ ಮೇಲೆ ಹೋಗುತ್ತಿತ್ತು. ಭೂಮಿಯಿಂದ 400 ಕಿಲೊಮೀಟರ್ ಎತ್ತರದಲ್ಲಿ ಇದು ನಡೆಯುತ್ತದೆ. ಚಂದ್ರನಿಗೆ ಮಾತು ಮುಟ್ಟಲು ಒಂದು ಕಡೆಗೇ 1.3 ಸೆಕೆಂಡ್ ಬೇಕು, ತುಸು ತಡವರಿಸಿದಂತೆ ಇರುತ್ತದೆ. ಮಂಗಳ ಗ್ರಹಕ್ಕೆ ಮಾತು ಮುಟ್ಟಲು ಗ್ರಹಗಳ ದೂರಕ್ಕೆ ತಕ್ಕಂತೆ 3ರಿಂದ 22 ನಿಮಿಷ ಬೇಕು. ದೂರ ಹೆಚ್ಚಿದ್ದಾಗ 'ಹೇಗಿದ್ದೀಯಾ' ಎಂದು ಕೇಳಿದರೆ ಉತ್ತರ ಬರುವುದು ಮುಕ್ಕಾಲು ಗಂಟೆಯ ಹತ್ತಿರ.

ಇದರಿಂದ ಏನಾಗುತ್ತದೆ? ಮೊದಲನೆಯದಾಗಿ, ಮಂಗಳಕ್ಕೆ ಹೋದವರು ಮನೆಯವರ ಜೊತೆ ಫೋನಿನಲ್ಲಿ ಮಾತಾಡಲಾರರು. ಪತ್ರ ಬರೆದಂತೆ ಸಂದೇಶ ಕಳಿಸಿ ಕಾಯಬೇಕು. ಹೋಗಿ ಬರುವುದೆಲ್ಲ ಸೇರಿ ಎರಡೂವರೆಯಿಂದ ಮೂರು ವರ್ಷ. ಇದು ಮನಸ್ಸಿಗೆ ಏನು ಮಾಡುತ್ತದೆ ಎಂದು ನೋಡಲು ಮಾಸ್ಕೊದಲ್ಲಿ 2010ರಿಂದ 2011ರವರೆಗೆ ಆರು ಮಂದಿ 520 ದಿನ ಮುಚ್ಚಿದ ಕೋಣೆಗಳಲ್ಲಿ ಬದುಕಿದರು. ಕೆಲವರ ನಿದ್ದೆಯ ಲಯ ಕೆಟ್ಟಿತು, ಓಡಾಟ ಕಮ್ಮಿಯಾಯಿತು. ನಾಸಾ ಕೂಡ 2023ರ ಜೂನ್‌ನಿಂದ ನಾಲ್ವರನ್ನು 378 ದಿನ ಹಾಗೆಯೇ ಇರಿಸಿ ನೋಡಿತು. ಮಾತು ತಡವಾಗಿ ಮುಟ್ಟುವ ಏರ್ಪಾಡನ್ನೂ ಮಾಡಿತ್ತು.

ಎರಡನೆಯದಾಗಿ, ಜೊತೆಗಿರುವ ಯಂತ್ರದ ಮಿದುಳು ನೌಕೆಯೊಳಗೇ ಇರಬೇಕು. ಅದು ಸುಲಭವಲ್ಲ. ಬಾಹ್ಯಾಕಾಶದ ವಿಕಿರಣ ಕಂಪ್ಯೂಟರ್ ಚಿಪ್ಪಿನ ನೆನಪಿನಲ್ಲಿ ಸೊನ್ನೆಯನ್ನು ಒಂದು ಮಾಡಬಲ್ಲದು, ಒಂದನ್ನು ಸೊನ್ನೆ ಮಾಡಬಲ್ಲದು. ಅದನ್ನು ತಾಳುವಂತೆ ಮಾಡಿದ ಚಿಪ್ಪುಗಳು ಸಾಮಾನ್ಯವಾಗಿ ನಿಧಾನ. ಮಾತು ಅರ್ಥ ಮಾಡಿಕೊಳ್ಳುವ ಎಐಗೆ ವೇಗದ ಚಿಪ್ಪು, ಜಾಸ್ತಿ ವಿದ್ಯುತ್ ಬೇಕು. ಈ ಎಳೆದಾಟದ ನಡುವೆ ಒಂದು ಆಶಾದಾಯಕ ಸಂಗತಿ ಇದೆ. 2017ರಲ್ಲಿ ಅಂಗಡಿಯಲ್ಲಿ ಸಿಗುವಂಥ ಮಾಮೂಲಿ ಸರ್ವರುಗಳನ್ನು ನಿಲ್ದಾಣಕ್ಕೆ ಕಳಿಸಿ, ತಪ್ಪುಗಳನ್ನು ಸಾಫ್ಟ್‌ವೇರಿನಿಂದಲೇ ತಡೆಯುವ ಪ್ರಯೋಗ ನಡೆಯಿತು. ಅವು ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವು. 2021ರಲ್ಲಿ ಎರಡನೇ ತಲೆಮಾರಿನದು ಹೋಯಿತು. ದಾರಿ ತೆರೆದಿದೆ.

ಯಾವ ಭಾಷೆಯಲ್ಲಿ?

ಕಿರೋಬೊ ಜಪಾನಿಯಲ್ಲಿ ಮಾತಾಡಿದ್ದು ಸುಮ್ನೆ ಅಲ್ಲ. ಜೊತೆಗಾರನ ಕೆಲಸಕ್ಕೆ ತಾಯ್ನುಡಿಯೇ ಬೇಕು ಎಂಬುದು ಅದನ್ನು ಮಾಡಿದವರಿಗೆ ಗೊತ್ತಿತ್ತು. ವ್ಯೋಮಮಿತ್ರಕ್ಕೆ ಹಿಂದಿ, ಇಂಗ್ಲಿಷ್ ಸಾಕು, ಯಾಕೆಂದರೆ ಅದು ಒಬ್ಬಂಟಿಯಾಗಿ ಹೋಗುತ್ತದೆ. ನೆಲದಲ್ಲಿರುವ ಎಂಜಿನಿಯರುಗಳಿಗೆ ಅರ್ಥವಾದರೆ ಆಯಿತು. 2035ರ ಹೊತ್ತಿಗೆ ಭಾರತದ ಸ್ವಂತ ನಿಲ್ದಾಣ ಇರಬೇಕು ಎನ್ನುವುದು ಸರ್ಕಾರದ ಗುರಿ. ಅಲ್ಲಿ ತಿಂಗಳುಗಟ್ಟಲೆ ಇರುವವರು ಕೇರಳದವರು, ತಮಿಳುನಾಡಿನವರು, ಅಸ್ಸಾಮಿನವರು, ನಮ್ಮ ಹುಬ್ಬಳ್ಳಿಯವರೂ ಆಗಿರಬಹುದು. ಸುಸ್ತಾದಾಗ, ಊರು ನೆನಪಾದಾಗ, ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚುವುದು ಎಲ್ಲರಿಗೂ ಆಗುವುದಿಲ್ಲ.

ನೌಕೆಯೊಳಗೇ ಓಡುವ ಪುಟ್ಟ ಎಐಗೆ ಕನ್ನಡ ಬರಬೇಕಾದರೆ ಕನ್ನಡದ ಮಾತು, ಬರಹ ಅದಕ್ಕೆ ಮೊದಲೇ ಉಣ್ಣಿಸಿರಬೇಕು. ಪುಸ್ತಕದ ಕನ್ನಡವಷ್ಟೇ ಅಲ್ಲ. ಧಾರವಾಡದ, ಮಂಗಳೂರಿನ, ಮೈಸೂರಿನ ಆಡುಮಾತು ಕೂಡ. ಇಂಗ್ಲಿಷಿಗೆ ಹೋಲಿಸಿದರೆ ಕಂಪ್ಯೂಟರಿಗೆ ಸಿಗುವ ಕನ್ನಡ ತೀರಾ ಕಡಿಮೆ. ಈ ಕೆಲಸಕ್ಕೆ ರಾಕೆಟ್ ಬೇಡ, ಆದರೆ ವರ್ಷಗಳು ಬೇಕು. ಈಗ ಶುರು ಮಾಡಿದರೆ 2035ಕ್ಕೆ ತಯಾರಿರುತ್ತದೆ.

ಮುಂದಿನ ಸುದ್ದಿ ಬಂದಾಗ

ವ್ಯೋಮಮಿತ್ರದ ಹಾರಾಟದ ಸುದ್ದಿಯಲ್ಲಿ ಟಿವಿ ತೋರಿಸುವುದು ಅದರ ಮುಖವನ್ನು, ಅದು ಹೇಳುವ ನಮಸ್ಕಾರವನ್ನು. ಅದಕ್ಕಿಂತ ಬೇರೆ ಮೂರು ಕಡೆ ಗಮನ ಕೊಡಿ. ನೌಕೆಯೊಳಗಿನ ಒತ್ತಡ, ಬಿಸಿ ಉದ್ದಕ್ಕೂ ಹದದಲ್ಲಿತ್ತೇ? ವಾಪಸ್ ಬರುವಾಗ ಹೊರಗಿನ ಗಾಳಿ ಕಾದು ಬೆಂಕಿಯಂತಾಗಿ ರೇಡಿಯೊ ಸಂಪರ್ಕ ಕೆಲವು ನಿಮಿಷ ಕಡಿದು ಹೋಗುತ್ತದೆ. ಆಗ ನೌಕೆ ಯಾರ ಸಹಾಯವೂ ಇಲ್ಲದೆ ಸರಿಯಾದ ಕೋನದಲ್ಲಿ ಉಳಿಯಿತೇ? ಕಡಲಿಗೆ ಬಿದ್ದ ಮೇಲೆ ನೆಟ್ಟಗೆ ನಿಂತಿತೇ?

ಏನಾದರೂ ತಪ್ಪಿದರೆ ಪತ್ರಿಕೆಗಳು ಸೋಲು ಎಂದು ಬರೆಯುತ್ತವೆ, ಮಾನವಸಹಿತ ಯಾನ ಮತ್ತೆ ಮುಂದಕ್ಕೆ ಹೋಗುತ್ತದೆ. ಸ್ಟಾರ್‌ಲೈನರ್‌ನ ತಪ್ಪಾದ ಗಡಿಯಾರವನ್ನು ಆಗ ನೆನಪಿಸಿಕೊಳ್ಳಿ. ಎಲ್ಲ ಸರಿಯಾದರೂ ಆಮೇಲೆ ಇನ್ನೂ ಖಾಲಿ ಹಾರಾಟಗಳಿವೆ, ಅವೂ ಮುಗಿಯಬೇಕು. ಅದಾದ ಮೇಲೆ ಬೆಲ್ಟ್ ಬಿಚ್ಚಿ ಗೊಂಬೆಯನ್ನು ಆ ಸೀಟಿನಿಂದ ಎತ್ತುತ್ತಾರೆ.